ಅರ್ಧ ನಡುಕ

ಯಂತ್ರಕ್ಕೂ ಮುಪ್ಪುಂಟೆಂಬುದನ್ನು ನಾನು ಅರಿತದ್ದು ನಮ್ಮ ಮನೆಯ ಜಾವಾದಿಂದ. ಅದು 1968ರ ಗಾಡಿ. ತಾತನ ಕಾಲದಿಂದ ಅಪ್ಪನ ಕಾಲಕ್ಕೆ ಬಂದದ್ದು. ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಸೀರೆಗಳನ್ನು ಹಿಂದೆ ಕಟ್ಟಿಕೊಂಡು ಅಪ್ಪ ಅದರಲ್ಲೇ ಚಿಕ್ಕಪೇಟೆಗೆ ಹೋಗಿಬರುತ್ತಿದ್ದರು.

ಯಾನೆಚೆಕ್, ವಾಂಡರರ್ ಎಂಬೆರಡು ಹೆಸರುಗಳ ಮೊದಲ ಅಕ್ಷರಗಳು ಕೂಡಿ 1929ರಲ್ಲಿ ಚೆಕೊಸ್ಲೊವಾಕಿಯದಲ್ಲಿ ಹುಟ್ಟಿದ ಹೆಸರಿದು. ಅಲ್ಲಿ ‘ಯಾವಾ’, ನಮ್ಮಲ್ಲಿ ‘ಜಾವಾ’. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಇದನ್ನು ತಯಾರಿಸತೊಡಗಿ, 1996ರಲ್ಲಿ ಬಾಗಿಲು ಹಾಕಿತು. ಕಾರ್ಖಾನೆ ಹೋಯಿತು, ಗಾಡಿಗಳು ಉಳಿದವು.

ಎರಡು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ಸಿಲಿಂಡರನ್ನು ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದೆವು. ಅಂದಿನಿಂದ ಗಾಡಿಗೆ ಭೂತ ಹಿಡಿದಂತಾಯಿತು. ಹತ್ತು ಮೈಲಿ ಹೋಗುವಷ್ಟರಲ್ಲಿ ಅಪ್ಪನ ಅಂಗೈ ಜೋಮು ಹಿಡಿಯುತ್ತಿತ್ತು. ಸಂಜೆ ಮಗ್ಗದಲ್ಲಿ ಕಡಿದ ಎಳೆಗೆ ಗಂಟು ಹಾಕಲು ಬೆರಳುಗಳು ಮಾತು ಕೇಳುತ್ತಿರಲಿಲ್ಲ. ನೇಯುವವನಿಗೆ ಬೆರಳೇ ಬಂಡವಾಳವಲ್ಲವೆ?

“ಗುಜರಿಗೆ ಹಾಕಿ ಸಾಲ ತೀರಿಸೋಣ” ಎಂದ ಅಣ್ಣ. ಅಪ್ಪ ಮಾತಾಡಲಿಲ್ಲ. ನಾನು ಒಂದು ತಿಂಗಳ ವಾಯಿದೆ ಕೇಳಿದೆ.

ನೆಲಮಂಗಲದಲ್ಲಿ ಒಬ್ಬ ವೃದ್ಧ ಮೇಸ್ತ್ರಿ ಸಿಕ್ಕರು. ಎಂಜಿನ್ನಿನ ಕರುಳನ್ನೆಲ್ಲ ಗೋಣಿಯ ಮೇಲೆ ಹರಡಿದರು. ಹಳೆಯ ಪಿಸ್ಟನ್ನನ್ನೂ ಹೊಸದನ್ನೂ ತೂಗಿದರೆ ಹೊಸದು 30 ಗ್ರಾಂ ಹೆಚ್ಚು! ಇಷ್ಟಕ್ಕೇ ಇಷ್ಟು ರಂಪವೇ ಎಂದೆ. ಅವರು ಲೆಕ್ಕ ಹೇಳಿದರು: ಪಿಸ್ಟನ್ನಿನ ಓಟ 75 ಮಿಲಿಮೀಟರ್, ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಅದು ಮೇಲೊಮ್ಮೆ ಕೆಳಗೊಮ್ಮೆ, ಒಟ್ಟು 8,000 ಸಲ ನಿಂತು ಹಿಂತಿರುಗಬೇಕು. ಪ್ರತಿ ಸಲವೂ ಒಂದು ಒದೆ.

“ನಡುಕ ಪೂರಾ ಹೋಗ್ಬೇಕು, ಮೇಸ್ತ್ರಿಗಳೇ” ಎಂದೆ.

“ಒಂಟಿ ಸಿಲಿಂಡ್ರು ಕಣಪ್ಪ, ಪೂರಾ ಹೋಗಲ್ಲ. ಚಕ್ರಕ್ಕೆ ಅಷ್ಟೂ ಎದುರು ತೂಕ ಕೊಟ್ರೆ ಮೇಲೆ-ಕೆಳಗೆ ಕುಣಿಯೋದು ನಿಂತು ಹಿಂದೆ-ಮುಂದೆ ಒದೀತದೆ. ಅದಕ್ಕೇ ಅರ್ಧ ಅಲ್ಲಿ, ಅರ್ಧ ಇಲ್ಲಿ ಹಂಚ್ಬೇಕು.”

ಮೊದಲು ಕ್ರ್ಯಾಂಕನ್ನು ಲೇತಿನ ಮೇಲಿಟ್ಟು, ಅದರ ಎರಡು ಚಕ್ರಗಳು ಒಂದೇ ನೇರದಲ್ಲಿವೆಯೇ ಎಂದು ಡಯಲ್ ಗೇಜಿನಿಂದ ನೋಡಿದರು. ಸೊಟ್ಟವಿದ್ದಲ್ಲಿ ತಾಮ್ರದ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಸರಿಪಡಿಸಿದರು. ಅನಂತರ ಅದನ್ನು ಸಮನಾದ ಎರಡು ಉಕ್ಕಿನ ಅಂಚುಗಳ ಮೇಲಿಟ್ಟು, ಕನೆಕ್ಟಿಂಗ್ ರಾಡಿನ ಸಣ್ಣ ತುದಿಗೆ ಲೆಕ್ಕ ಹಾಕಿದ ತೂಕ ನೇತುಹಾಕಿದರು. ಪಿನ್ನಿನ ಕಡೆ ಉರುಳಿ ಕೆಳಗೆ ಬಂತು. ಅಲ್ಲಿ ಭಾರ ಹೆಚ್ಚು. ಆ ಕಡೆ ಅಷ್ಟಷ್ಟೇ ತೂತು ಕೊರೆದರು. ಟೂ ಸ್ಟ್ರೋಕ್ ಎಂಜಿನ್ನಿನ ಹೊಟ್ಟೆಯಲ್ಲಿ ಖಾಲಿ ಜಾಗ ಹೆಚ್ಚಿದರೆ ಶಕ್ತಿ ಕುಂದುವುದೆಂದು ಆ ತೂತುಗಳಿಗೆ ಹಗುರವಾದ ಅಲ್ಯುಮಿನಿಯಂ ಬಿರಡೆ ಬಡಿದರು. ಸಂಜೆಯ ಹೊತ್ತಿಗೆ ಕ್ರ್ಯಾಂಕು, ಎಲ್ಲಿ ತಿರುಗಿಸಿದರೆ ಅಲ್ಲೇ ನಿಂತಿತು.

ಮರುವಾರ ಅಪ್ಪ ಘಾಟಿಯವರೆಗೆ ಹೋಗಿಬಂದರು. ಗಾಡಿ ನಿಲ್ಲಿಸಿ ನೇರ ಮಗ್ಗದ ಬಳಿಗೆ ನಡೆದು, ಕಡಿದಿದ್ದ ಎಳೆಯೊಂದನ್ನು ಹಿಡಿದರು. ಗಂಟು ಮೊದಲ ಸಲಕ್ಕೇ ಬಿತ್ತು. “ಇನ್ನೂ ಚೂರು ಕುಣೀತದೆ. ಇರ್ಲಿ ಬಿಡು” ಎಂದರು. ಅಣ್ಣ ಗುಜರಿಯ ಮಾತೆತ್ತಲಿಲ್ಲ.

ಆದರೆ ಸಾಲ ಹಾಗೆಯೇ ಇತ್ತು. ಮನೆಯ ಕುಣಿತವನ್ನೆಲ್ಲ ಒಬ್ಬರ ಅಂಗೈಯೇ ತಡೆಯುತ್ತಿದ್ದುದು ಆ ರಾತ್ರಿ ನನಗೆ ಕಂಡಿತು. ಈಗ ಬೆಳಗಿನ ಜಾವ ಒಂದು ಮಗ್ಗ ನನ್ನದು; ಎಂಟು ಗಂಟೆಯ ಮೇಲೆ ಕಾಲೇಜು. ಮೊದಲ ಗಂಟೆಯ ತರಗತಿಯಲ್ಲಿ ನಾನು ಆಕಳಿಸಿದರೆ ಗುರುಗಳು ಕ್ಷಮಿಸಬೇಕು. ಅದು ನನ್ನ ಪಾಲಿಗೆ ಬಂದ ಅರ್ಧ ನಡುಕ.