ಬೀಳಗಿಯ ದಾರಿಯಲ್ಲಿ ಕೆಂಪು ದೀಪ

ಕಳೆದ ಮಾಘಮಾಸದಲ್ಲಿ ಮಡದಿಯೊಡನೆ ಬಾಗಲಕೋಟೆಯಿಂದ ಬೀಳಗಿಗೆ ಹೊರಟಿದ್ದೆನು. ಆಕೆಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ಎರಡೇ ದಿನಗಳಾಗಿದ್ದವು. ಅನಗವಾಡಿಯಲ್ಲಿ ಘಟಪ್ರಭೆಯ ಸೇತುವೆಯನ್ನು ದಾಟುವಷ್ಟರಲ್ಲಿ ಸೂರ್ಯನು ಪಡುವಣಕ್ಕಿಳಿದನು. ನಮ್ಮ ಹಳೆಯ ಕಾರಿನ ಫಲಕದಲ್ಲಿ ಬ್ಯಾಟರಿಯ ಚಿಹ್ನೆಯ ಕೆಂಪು ದೀಪವು ಹೊತ್ತಿಕೊಂಡಿತು. ತಿಂಗಳ ಹಿಂದೆಯೇ ಹೊಸ ಬ್ಯಾಟರಿ ಹಾಕಿಸಿದ್ದೆನಾದುದರಿಂದ, ಮಾರಿದವನನ್ನು ಮನಸ್ಸಿನಲ್ಲಿಯೇ ಶಪಿಸಿದೆನು. ಕತ್ತಲೆ ಕವಿಯಿತು, ಮುಂದಿನ ದೀಪಗಳು ಮಂಕಾಗತೊಡಗಿದವು. ಕಬ್ಬಿನ ಹೊಲಗಳ ನಡುವೆ ಗಾಡಿ ನಿಂತುಬಿಟ್ಟರೆ ಆಕೆಯ ಗತಿಯೇನೆಂದು ಎದೆ ನಡುಗಿತು.

ಹೇಗೋ ಬೀಳಗಿಯನ್ನು ಸೇರಿದೆವು. ಅರೆತ್ತಿನ ಬಾವಿಯ ಆ ಊರಿನಲ್ಲಿ ತರುಣ ಮೆಕ್ಯಾನಿಕನೊಬ್ಬನು ಮೊದಲು ಬೆಲ್ಟನ್ನು ಒತ್ತಿ ನೋಡಿದನು, ಬಿಗಿಯಾಗಿತ್ತು. ತಂತಿ, ಫ್ಯೂಸುಗಳೂ ಸರಿಯಾಗಿದ್ದವು. ಎಂಜಿನ್ ನಡೆಯುತ್ತಿರುವಾಗಲೇ ಬ್ಯಾಟರಿಗೆ ಮೀಟರು ಹಚ್ಚಿದನು. 14 ವೋಲ್ಟಿನ ಸುಮಾರಿಗೆ ಇರಬೇಕಾದುದು 11.8 ಮಾತ್ರವೇ ಇತ್ತು.

“ಬ್ಯಾಟರಿ ಕೆಟ್ಟಿಲ್ರಿ ಮಾಸ್ತರ. ಅದಕ್ಕ ಉಣ್ಣಸೋ ಆಲ್ಟರ್ನೇಟರ್ ಕೈಬಿಟ್ಟೈತಿ” ಎಂದನು.

ಬಿಚ್ಚಿದಾಗ ಒಳಗಣ ಕಾರ್ಬನ್ ಬ್ರಶ್ಶುಗಳು ಸವೆದುಹೋಗಿದ್ದವು. ಅವುಗಳ ಮೂಲಕ ತಿರುಗುವ ಸುರುಳಿಗೆ ವಿದ್ಯುತ್ತು ಮುಟ್ಟದಿದ್ದರೆ ಕಾಂತಶಕ್ತಿಯಿಲ್ಲ; ಕಾಂತಶಕ್ತಿಯಿಲ್ಲದೆ ವಿದ್ಯುದುತ್ಪತ್ತಿಯೂ ಇಲ್ಲ. ಹೊಸ ಬ್ರಶ್ಶು ಕೂಡಿಸಿದೊಡನೆ ಮೀಟರು 14.2 ತೋರಿಸಿತು.

ಕಣ್ಣಿಗೆ ಬಿದ್ದುದನ್ನೇ ಕಾರಣವೆಂದು ಬಗೆಯಬಾರದೆಂದು ಮಕ್ಕಳಿಗೆ ತರ್ಕ ಹೇಳಿದವನು ನಾನೇ! ನಿರಪರಾಧಿಯಾದ ವ್ಯಾಪಾರಿಯನ್ನು ಶಪಿಸಿದುದಕ್ಕೆ ನಾಚಿದೆನು. ವಾಚಕರೇ, ದಾರಿಯಲ್ಲಿ ಆ ಕೆಂಪು ದೀಪವನ್ನು ಕಂಡರೆ ಫ್ಯಾನು, ರೇಡಿಯೋಗಳನ್ನು ಆರಿಸಿ ಹತ್ತಿರದ ಊರನ್ನು ಸೇರಿರಿ. ಎಂಜಿನ್ ನಡೆಯುವಾಗ ಬ್ಯಾಟರಿಯ ತಂತಿಯನ್ನು ಮಾತ್ರ ಕಳಚದಿರಿ. ಮರುದಿನ ಮುಂಜಾನೆ ಮಡದಿಯು ಕಣ್ಪಟ್ಟಿಯಿಲ್ಲದ ಕಣ್ಣಿನಿಂದ ಆ ಬಾವಿಯನ್ನು ನೋಡಿ ನಕ್ಕಳು.