ಕಡಿವಾಣ ಹಿಡಿದ ಕೈ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾದ ನಾನೂ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪೇಕ್ಷಿಸಿದಾಗ, ಏನನ್ನು ಬರೆಯಲೆಂದು ಬಹಳ ದಿನ ಯೋಚಿಸಿದೆನು. ನಾನು ಸಾಹಿತಿಯಲ್ಲ, ಶಿಕ್ಷಣ ತಜ್ಞನೂ ಅಲ್ಲ. ನನ್ನ ಆಯುಷ್ಯದ ಬಹುಭಾಗ ಕುದುರೆ, ಹೇಸರಗತ್ತೆಗಳ ಲಾಯಗಳಲ್ಲಿ ಕಳೆದಿದೆ. ಆದುದರಿಂದ ನಾನು ಬಲ್ಲ ಒಂದು ಎಳೆಯ ಕುದುರೆಯ ವಿಷಯವನ್ನೇ ಹೇಳುವೆನು. ಗುರುವೃಂದಕ್ಕೂ ಮಹಾದಾನಿಗಳಿಗೂ ಕುದುರೆಯ ಕಥೆ ಏತಕ್ಕೆ ಎಂದು ಯಾರಾದರೂ ಕೇಳಿದರೆ, ಕೊನೆಯವರೆಗೆ ಓದಿರೆಂದು ವಿನಂತಿಸುವೆನು.

ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದ ಪದವಿ ಪಡೆದು, ಸೇನೆಯ ಪಶುವೈದ್ಯ ದಳವನ್ನು ಸೇರಿ, ಉತ್ತರ ಭಾರತದ ಒಂದು ಅಶ್ವಕೇಂದ್ರದಲ್ಲಿ ಕೆಲಸಕ್ಕೆ ನಿಂತಿದ್ದೆ. ಅದು 1982ನೆಯ ಇಸವಿಯ ಚಳಿಗಾಲ. ದೆಹಲಿಯಲ್ಲಿ ಜರುಗಿದ ಏಷ್ಯನ್ ಕ್ರೀಡೆಗಳಲ್ಲಿ ಅಶ್ವಸವಾರಿಯು ಮೊದಲ ಬಾರಿಗೆ ಸೇರ್ಪಡೆಯಾಗಿ, ರಘುಬೀರ್ ಸಿಂಗರು ಚಿನ್ನದ ಪದಕ ಗೆದ್ದಿದ್ದರು. ನಮ್ಮ ಲಾಯಗಳಲ್ಲೆಲ್ಲ ಅದೇ ಮಾತು. ನಾನೂ ಒಂದು ಕುದುರೆಯನ್ನು ನನ್ನ ಕೈಯಾರೆ ಪಳಗಿಸಿ ಎಲ್ಲರೂ ಮೆಚ್ಚುವಂತೆ ಮಾಡಬೇಕೆಂಬ ಹಂಬಲ ಹುಟ್ಟಿತು. ಮೇಲಧಿಕಾರಿಗಳು ನಾಲ್ಕು ವರ್ಷದ ಒಂದು ಕಂದು ಬಣ್ಣದ ಕುದುರೆಯನ್ನು ನನಗೆ ಒಪ್ಪಿಸಿದರು.

ಅದು ನೋಡಲು ಸುಂದರ, ಸ್ವಭಾವದಲ್ಲಿ ಸಾಧು. ಬೆನ್ನ ಮೇಲೆ ಜೀನು ಹಾಕಿಸಿಕೊಳ್ಳುತ್ತಿತ್ತು. ಲಗಾಮು ಸಡಿಲವಾಗಿದ್ದಷ್ಟು ಹೊತ್ತು ಶಾಂತವಾಗಿ ನಡೆಯುತ್ತಿತ್ತು. ಆದರೆ ಲಗಾಮನ್ನು ತುಸು ಬಿಗಿಹಿಡಿದು ಕಡಿವಾಣವು ಬಾಯಿಗೆ ತಗುಲಿತೆಂದರೆ ಸಾಕು, ತಲೆಯನ್ನು ಮುಗಿಲಿಗೆತ್ತಿ ಬಾಯಿ ತೆರೆಯುತ್ತಿತ್ತು. ನಾಲಗೆಯನ್ನು ಕಡಿವಾಣದ ಮೇಲಕ್ಕೆ ತೆಗೆದುಕೊಳ್ಳುತ್ತಿತ್ತು. ಬೆನ್ನನ್ನು ತಗ್ಗಿಸಿ ಅಡ್ಡಾದಿಡ್ಡಿ ಓಡುತ್ತಿತ್ತು. ಮತ್ತೆ ಕೆಲವೊಮ್ಮೆ ಗದ್ದವನ್ನು ಎದೆಗೆ ಒತ್ತಿಕೊಂಡು ಕಡಿವಾಣದಿಂದ ತಪ್ಪಿಸಿಕೊಳ್ಳುತ್ತಿತ್ತು. ತಲೆ ಮೇಲೆತ್ತಿದರೂ ಅದೇ, ಕೆಳಗೆ ಅಡಗಿಸಿದರೂ ಅದೇ: ಸವಾರನ ಕೈಯ ಸಂಪರ್ಕ ತನಗೆ ಬೇಡವೆಂಬುದು ಅದರ ಉತ್ತರ.

ನಾನು ಇದನ್ನು ಮೊಂಡುತನವೆಂದು ತೀರ್ಮಾನಿಸಿದೆ. ಬಾಯಿ ತೆರೆಯದಂತೆ ಮೂಗುಪಟ್ಟಿಯನ್ನು ಎರಡು ತೂತು ಬಿಗಿಗೊಳಿಸಿದೆ. ಹದಿನೈದು ದಿನ ಹೀಗೆ ಕಳೆಯಿತು. ಒಂದು ಬೆಳಿಗ್ಗೆ ಕುದುರೆ ಮುಂಗಾಲೆತ್ತಿ ನೆಟ್ಟಗೆ ನಿಂತಿತು. ನಾನು ಕೆಳಗೆ ಬಿದ್ದೆ. ಮೈಗೆ ಆದ ಗಾಯಕ್ಕಿಂತ ಅಭಿಮಾನಕ್ಕೆ ಆದ ಗಾಯವೇ ಹೆಚ್ಚು. ಆ ರಾತ್ರಿ ಕುಳಿತು, ಈ ಕುದುರೆ ಸವಾರಿಗೆ ಅನರ್ಹವೆಂದು ವರದಿಯ ಕರಡನ್ನು ಬರೆದೆ. ಆ ವರದಿ ಮೇಲಕ್ಕೆ ಹೋಗಿದ್ದರೆ ಕುದುರೆಯನ್ನು ಸೇವೆಯಿಂದ ತೆಗೆದುಹಾಕುತ್ತಿದ್ದರು. ತೆಗೆದುಹಾಕಿದ ಪ್ರಾಣಿಯ ಗತಿ ಏನಾಗಬಹುದೆಂಬುದು ನನಗೆ ಗೊತ್ತಿಲ್ಲದ ಸಂಗತಿಯಲ್ಲ.

ನಮ್ಮಲ್ಲಿ ಹಿರಿಯ ರಿಸಾಲ್ದಾರರೊಬ್ಬರಿದ್ದರು. ರಾಜಸ್ಥಾನದವರು, ಮಿತಭಾಷಿಗಳು. ನನ್ನ ಕರಡಿನ ವಿಷಯ ತಿಳಿದು ಮರುದಿನ ಲಾಯದ ಬಾಗಿಲಲ್ಲಿ ನಿಂತು, ತಮ್ಮ ಹಿಂದಿಯಲ್ಲಿ ಒಂದೇ ಮಾತು ಕೇಳಿದರು: “ಡಾಕ್ಟರ್ ಸಾಹೇಬರೇ, ಇದರ ಬಾಯೊಳಗೆ ತಾವು ಕೈಹಾಕಿ ನೋಡಿದ್ದೀರಾ?”

ನಾನು ನೋಡಿರಲಿಲ್ಲ. ಪಶುವೈದ್ಯನಾದ ನಾನು ನೋಡಿರಲಿಲ್ಲ! ಪರೀಕ್ಷೆಯಲ್ಲಿ ಕುದುರೆಯ ಹಲ್ಲುಗಳ ವಿಷಯ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಎಡೆಯೊಂದಿದೆ. ಅಲ್ಲಿ ಎಲುಬಿನ ಮೇಲೆ ತೆಳುವಾದ ವಸಡು ಮಾತ್ರ. ಕಡಿವಾಣವು ನಾಲಗೆಯ ಮೇಲೂ ಆ ಎಡೆಯ ಮೇಲೂ ಕೂರುತ್ತದೆ. ಎರಡೂವರೆ ವರ್ಷದಿಂದ ನಾಲ್ಕೂವರೆ ವರ್ಷದವರೆಗೆ ಹಾಲುಹಲ್ಲುಗಳು ಒಂದೊಂದಾಗಿ ಬಿದ್ದು ಶಾಶ್ವತ ಹಲ್ಲುಗಳು ಬರುತ್ತವೆ. ನಾವು ಮರಿಕುದುರೆಗೆ ಸವಾರಿ ಕಲಿಸುವ ಕಾಲವೂ ಸರಿಯಾಗಿ ಅದೇ. ಇದೆಲ್ಲವೂ ನನಗೆ ಕಂಠಪಾಠ.

ಕುದುರೆಗೆ ಮಂಪರಿನ ಚುಚ್ಚುಮದ್ದು ಕೊಟ್ಟು ಬಾಯಿ ತೆರೆಸಿ ನೋಡಿದೆವು. ಮೇಲಿನ ದವಡೆಯ ಬಲಭಾಗದಲ್ಲಿ, ಮೊದಲನೆಯ ದೊಡ್ಡ ದವಡೆಹಲ್ಲಿನ ಮುಂದೆ, ಕಿರುಬೆರಳ ತುದಿಯಷ್ಟು ಚಿಕ್ಕದಾದ ಒಂದು ಚೂಪು ಹಲ್ಲಿತ್ತು. ತೋಳಹಲ್ಲೆಂದು ಕರೆಯುವ ಈ ನಿರುಪಯೋಗಿ ಹಲ್ಲು ಎಲ್ಲ ಕುದುರೆಗಳಿಗೂ ಬರುವುದಿಲ್ಲ. ಬಂದರೂ ಎಲ್ಲವನ್ನೂ ಬಾಧಿಸುವುದಿಲ್ಲ. ಇಲ್ಲಿ ಅದರ ಸುತ್ತ ವಸಡು ಕೆಂಪೇರಿ ಬಾತಿತ್ತು. ಅದಲ್ಲದೆ ದವಡೆಯಲ್ಲಿ ಹಾಲುಹಲ್ಲಿನ ಚಿಪ್ಪೊಂದು ಅರ್ಧ ಕಳಚಿ, ಅದರ ಅಂಚು ಕೆನ್ನೆಯ ಒಳಭಾಗವನ್ನು ಕೊರೆಯುತ್ತಿತ್ತು. ಬಿಗಿದ ಮೂಗುಪಟ್ಟಿ ಆ ಕೆನ್ನೆಯನ್ನು ಹೊರಗಿನಿಂದ ಅದೇ ಅಂಚಿಗೆ ಒತ್ತುತ್ತಿತ್ತು. ಹದಿನೈದು ದಿನ ನಾನು ಕೊಟ್ಟ ಶಿಕ್ಷಣ ಇದು.

ಎರಡನ್ನೂ ತೆಗೆದೆವು. ಮೂರು ವಾರ ಬಾಯಿಗೆ ಕಡಿವಾಣ ಹಾಕಲಿಲ್ಲ. ತಲೆಪಟ್ಟಿಗೆ ಉದ್ದನೆಯ ಹಗ್ಗ ಕಟ್ಟಿ ವರ್ತುಲವಾಗಿ ನಡೆಸಿದೆವು, ಅಷ್ಟೆ. ಗಾಯ ಮಾಯ್ದಿತು. ಇನ್ನು ಎಲ್ಲವೂ ಸರಿಹೋಯಿತೆಂದು ಹತ್ತಿ ಕುಳಿತು ಲಗಾಮು ಹಿಡಿದರೆ, ತಲೆ ಮತ್ತೆ ಮುಗಿಲಿಗೆ! ನೋವು ಹೋಗಿತ್ತು, ನೋವಿನ ನೆನಪು ಹೋಗಿರಲಿಲ್ಲ.

“ಕುದುರೆಯ ಬಾಯಿ ನೋಡಿದ್ದಾಯಿತು. ಇನ್ನು ತಮ್ಮ ಕೈ ನೋಡೋಣ” ಎಂದರು ರಿಸಾಲ್ದಾರರು. ಗೋಡೆಯ ಮೊಳೆಯಿಂದ ಒಂದು ಕಡಿವಾಣವನ್ನು ಇಳಿಸಿ, ಅದರ ಎರಡು ಬಳೆಗಳನ್ನು ನನ್ನ ಕೈಗೆ ಕೊಟ್ಟು, ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಲಗಾಮಿನ ತುದಿಗಳನ್ನು ತಾವು ಹಿಡಿದರು. ಮೊದಲು ಕುದುರೆ ನಡೆಯುವಾಗ ತಲೆ ತೂಗುವಂತೆ ನನ್ನ ಕೈಗಳನ್ನು ಹಿಂದುಮುಂದಕ್ಕೆ ಆಡಿಸೆಂದರು. ತಾವು ಕೈಯನ್ನು ಕಲ್ಲಿನಂತೆ ಸ್ಥಿರವಾಗಿಟ್ಟರು. ಪ್ರತಿ ಹೆಜ್ಜೆಗೂ ಉಕ್ಕು ನನ್ನ ಬೆರಳಿಗೆ ಬಡಿಯಿತು. ಬಳಿಕ ಲಗಾಮನ್ನು ಪೂರ್ತಿ ಸಡಿಲ ಬಿಟ್ಟು, ಇದ್ದಕ್ಕಿದ್ದಂತೆ ಹಿಡಿದರು, ನಾನು ಬೆಚ್ಚಿದೆ. ಮೂರನೆಯ ಸಲ ಅವರ ಮೊಣಕೈ ನನ್ನ ಕೈಯೊಡನೆಯೇ ತೆರೆದು ಮುಚ್ಚಿತು. ಆಗ ಉಕ್ಕಿದೆಯೆಂಬುದೇ ಮರೆತುಹೋಗಿ, ಆಚೆ ತುದಿಯಲ್ಲಿ ಒಬ್ಬರು ಇದ್ದಾರೆಂಬುದಷ್ಟೇ ತಿಳಿಯುತ್ತಿತ್ತು. “ಮೊದಲೆರಡು ತಮ್ಮ ಕೈಗಳು, ಸಾಹೇಬ್” ಎಂದರು.

ಆ ಮೇಲಿನ ಪಾಠ ಕುದುರೆಗಲ್ಲ, ನನಗೆ. ದಿನಕ್ಕೆ ಇಪ್ಪತ್ತೇ ನಿಮಿಷ. ಮೂಗುಪಟ್ಟಿಯ ಕೆಳಗೆ ಎರಡು ಬೆರಳು ಸರಾಗವಾಗಿ ಹೋಗುವಷ್ಟು ಸಡಿಲ. ನಡೆಯುವಾಗ ಕುದುರೆಯ ತಲೆ ತೂಗಿದಂತೆ ಕೈ ಹಿಂಬಾಲಿಸಬೇಕು. ಕುಕ್ಕುಲೋಟದಲ್ಲಿ ತಲೆ ಸ್ಥಿರವಾಗಿರುವುದರಿಂದ ಕೈಯೂ ಸ್ಥಿರವಾಗಿರಬೇಕು, ಸವಾರನ ಮೈ ಕುಲುಕಿದರೂ ಕೈ ಕುಲುಕಬಾರದು. ತಲೆಯನ್ನು ಕೈಯಿಂದ ಹಿಂದಕ್ಕೆಳೆದು ತಗ್ಗಿಸಬಾರದು. ಕಾಲಿನ ಮೃದುವಾದ ಒತ್ತಡದಿಂದ ಕುದುರೆಯನ್ನು ಮುಂದಕ್ಕೆ ನಡೆಸಿ, ಅದೇ ಕತ್ತು ಚಾಚಿ ಕಡಿವಾಣವನ್ನು ಹುಡುಕಿಕೊಂಡು ಬರುವಂತೆ ಮಾಡಬೇಕು. ಅದು ತುಸು ಒಪ್ಪಿದ ಕ್ಷಣದಲ್ಲೇ ಬೆರಳು ಸಡಿಲಾಗಬೇಕು.

ಐದು ವಾರ ಕಳೆದವು. ಫೆಬ್ರವರಿಯ ಒಂದು ಬೆಳಿಗ್ಗೆ, ಮಂಜು ಇನ್ನೂ ಕರಗಿರಲಿಲ್ಲ, ಕುದುರೆ ನಡೆಯುತ್ತ ನಡೆಯುತ್ತ ನೀಳವಾಗಿ ಉಸಿರು ಬಿಟ್ಟು ಕತ್ತನ್ನು ಮುಂದಕ್ಕೆ ಚಾಚಿತು. ಲಗಾಮು ತುಂಬಿತು. ಎಳೆತವಲ್ಲ, ಭಾರವಲ್ಲ, ಜಾತ್ರೆಯಲ್ಲಿ ಮಗು ಬಂದು ಬೆರಳು ಹಿಡಿದಂತೆ. ತುಟಿಯಂಚಿನಲ್ಲಿ ಬಿಳಿಯ ನೊರೆ; ಬಾಯಿ ಮೆಲ್ಲಗೆ ಕಡಿವಾಣವನ್ನು ಆಡಿಸುತ್ತಿತ್ತು. ಒಂದು ಸುತ್ತು ಮುಗಿಯುವಷ್ಟರಲ್ಲಿ ನಾನು ಇಳಿದು ಜೀನು ತೆಗೆದೆ. ಕೋಣೆಗೆ ಹೋಗಿ ವರದಿಯ ಕರಡನ್ನು ಹರಿದೆ. ಕುದುರೆ ಪರಿಪೂರ್ಣವಾಯಿತೆಂದು ಹೇಳಲಾರೆ. ಬಲಗಡೆ ತಿರುಗುವಾಗ ತಲೆಯನ್ನು ತುಸು ಓರೆಮಾಡುವ ಅಭ್ಯಾಸ ಅದಕ್ಕೆ ಉಳಿದೇಹೋಯಿತು. ಆ ಓರೆಯನ್ನು ಕಂಡಾಗಲೆಲ್ಲ ನನಗೆ ಆ ಹದಿನೈದು ದಿನಗಳು ನೆನಪಾಗುತ್ತಿದ್ದವು.

ಇದು ಹೊಸ ವಿದ್ಯೆಯೇನೂ ಅಲ್ಲ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ಗ್ರೀಸಿನ ಕ್ಸೆನೊಫನ್ ಅಶ್ವಸವಾರಿಯ ಗ್ರಂಥದಲ್ಲಿ ನಯವಾದ ಮತ್ತು ಒರಟಾದ ಕಡಿವಾಣಗಳ ಗುಣದೋಷಗಳನ್ನೂ ಕೈಯ ಹದವನ್ನೂ ವಿಚಾರಮಾಡಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೂ ಕುದುರೆಯ ಲಕ್ಷಣ, ಸವಾರಿಗಳ ವಿಚಾರವಿದೆ. ಈಗಲಂತೂ ಲಗಾಮಿನ ಎಳೆತವನ್ನು ಅಳೆಯುವ ಉಪಕರಣಗಳೇ ಬಂದಿವೆ. ಕುದುರೆಯು ಕಡಿವಾಣವನ್ನು ಎಷ್ಟು ಸೌಮ್ಯವಾಗಿ ಸ್ವೀಕರಿಸಿದೆ ಎಂಬುದನ್ನೂ ಪರಿಗಣಿಸಿ ಅಂಕ ಕೊಡುವ ಡ್ರೆಸಾಜ್ ಸ್ಪರ್ಧೆಯಲ್ಲಿ, 2023ರ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ, ನಮ್ಮ ದೇಶದ ತಂಡವು ಚಿನ್ನ ಗೆದ್ದಾಗ, ಆ ರಿಸಾಲ್ದಾರರನ್ನು ನೆನೆದು ನನ್ನ ಕಣ್ಣು ತೇವವಾಯಿತು.

ಇನ್ನೊಬ್ಬರನ್ನೂ ನೆನೆದೆ. ನಮ್ಮ ಆರನೆಯ ತರಗತಿಯಲ್ಲಿ, ಪ್ರಸಾದ ನಿಲಯದಲ್ಲಿ ನನ್ನ ಪಕ್ಕದಲ್ಲೇ ಉಣ್ಣುತ್ತಿದ್ದ ಸಹಪಾಠಿಯೊಬ್ಬನಿದ್ದ. ಹಲಗೆಯ ಮೇಲೆ ಬರೆದುದನ್ನು ಓದೆಂದರೆ ತಲೆ ತಗ್ಗಿಸಿ ನಿಲ್ಲುವನು. ಮೊಂಡನೆಂದು ಏಟು ತಿಂದನು, ನಾವೂ ನಕ್ಕೆವು. ಕನ್ನಡದ ಮಾಸ್ತರು ಒಂದು ಸಂಜೆ ಅವನನ್ನು ಅಂಗಳಕ್ಕೆ ಕರೆದು, ಬಾವಿಯ ಕಟ್ಟೆಯ ಮೇಲೆ ಕುಳಿತ ಹಕ್ಕಿಗಳೆಷ್ಟೆಂದು ಕೇಳಿದರು. ಅವನು, “ಹಕ್ಕಿ ಎಲ್ಲಿವೆ ಸರ್?” ಎಂದ. ಮರುವಾರ ದಾನಿಯೊಬ್ಬರ ನೆರವಿನಿಂದ ಅವನಿಗೆ ಕನ್ನಡಕ ಬಂತು. ಮಾಸ್ತರು ಬೇರೆ ಯಾವ ಪಾಠವನ್ನೂ ಅವನಿಗೆ ಪ್ರತ್ಯೇಕವಾಗಿ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ.

ಅಂತಹ ಶಾಲೆಯಲ್ಲಿ ಓದಿದ ನಾನು, ಒಂದು ಮೂಕಪ್ರಾಣಿಯ ಬಾಯಿ ನೋಡುವುದಕ್ಕೆ ಮುನ್ನ ವರದಿ ಬರೆಯಲು ಕುಳಿತಿದ್ದೆನೆಂಬುದನ್ನು ಈ ಪುಟಗಳಲ್ಲಿ ಒಪ್ಪಿಕೊಳ್ಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.