ಷರಾ ಕಾಲಂ

ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ದಿಂಡಿಗಲ್ಲಿನ ಒಂದು ಖಾಸಗಿ ಲ್ಯಾಬಿಗೆ ಸೇರಿದಾಗ, ವರದಿ ಚಿಕ್ಕದಾದಷ್ಟೂ ವೈಜ್ಞಾನಿಕ ಎಂದು ನಂಬಿದ್ದೆ. ಅಂಕಿ, ಏಕಮಾನ, ಮಿತಿ, ಸಹಿ. ಕೊನೆಯ ಷರಾ ಕಾಲಂನಲ್ಲಿ ಒಂದೆರಡು ಪದಕ್ಕಿಂತ ಹೆಚ್ಚು ಬರೆಯುವವರ ಬಗ್ಗೆ ಒಳಗೊಳಗೇ ತಾತ್ಸಾರ.

ಆ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೊಸ ಸುದ್ದಿಯಲ್ಲ. ನೆಲದಡಿ ಇರುವುದು ನೈಸ್, ಚಾರ್ನೊಕೈಟ್ ಶಿಲೆ. ಅದರೊಳಗಿನ ಅಪಟೈಟ್, ಬಯೊಟೈಟ್‌ಗಳಿಂದ ಫ್ಲೋರೈಡ್ ಮೆಲ್ಲಗೆ ನೀರಿಗಿಳಿಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಸಾಕಷ್ಟಿದ್ದರೆ ಒಂದಷ್ಟನ್ನು ಹಿಡಿದು ತಳಕ್ಕೆ ಕೂರಿಸುತ್ತದೆ, ಇಲ್ಲವಾದರೆ ಅದು ಕರಗಿಯೇ ಉಳಿಯುತ್ತದೆ. ಇದನ್ನೆಲ್ಲ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಪಾಸಾದವನು ನಾನು.

ನಿಲಕ್ಕೋಟೈ ಕಡೆಯ ಮಲ್ಲಿಗೆ ಬೆಳೆಗಾರರೊಬ್ಬರು ನೀರು ತಂದರು. ಮನೆಮಾತು ಕನ್ನಡ. ಇಲ್ಲಿಂದ ಕಂಬಂ ಕಣಿವೆಯವರೆಗೂ ಅನುಪ್ಪರು, ಕಪ್ಪಿಲಿಯರು ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡುತ್ತಾರೆ, ಓದುಬರಹ ತಮಿಳಿನಲ್ಲಿ. ನಾನು ಕೊಟ್ಟ ವರದಿ ಮಾತ್ರ ಇಂಗ್ಲಿಷಿನದು: ಫ್ಲೋರೈಡ್ ಲೀಟರಿಗೆ 1.42 ಮಿಲಿಗ್ರಾಂ, ಮಿತಿಯೊಳಗಿದೆ.

ಮುಂದಿನ ಬೇಸಿಗೆಯಲ್ಲಿ ಅವರು ಇನ್ನೊಂದು ಬಾಟಲಿ ತಂದರು. ಈ ಸಲ 1.9. ಜೊತೆಗೆ ನನ್ನ ಹಳೆಯ ವರದಿಯೂ ಇತ್ತು, ಲ್ಯಾಮಿನೇಟ್ ಮಾಡಿಸಿದ್ದು. ಪಂಚಾಯ್ತಿ ನಲ್ಲಿಯ ನೀರು ಬ್ಲೀಚಿಂಗ್ ಪುಡಿ ವಾಸನೆ ಎಂದು, ನನ್ನ ಕಾಗದದ ಧೈರ್ಯದ ಮೇಲೆ ಅದನ್ನು ಹಿಡಿಯುವುದನ್ನೇ ನಿಲ್ಲಿಸಿದ್ದರು.

“ನೀವೇ ಕುಡೀಬೋದು ಅಂತ ಬರಕೊಟ್ರಲ್ಲ ಸಾರ್. ಮಕ್ಕಳೂ ಅದನ್ನೇ ಕುಡೀತಾವೆ.”

ಕುಡೀಬೋದು ಅಂತ ನಾನೆಲ್ಲಿ ಬರೆದೆ ಎಂದು ಬಾಯಿ ತೆರೆದೆ. ಆಮೇಲೆ ಸುಮ್ಮನಾದೆ. ಕುಡಿಯುವ ನೀರಿನ ಮಾನದಂಡ ಐಎಸ್ 10500, ಅದರ 2012ರ ಆವೃತ್ತಿ, ಫ್ಲೋರೈಡಿಗೆ ಎರಡು ಅಂಕಿ ಕೊಡುತ್ತದೆ. ಒಪ್ಪತಕ್ಕದ್ದು 1.0. ಬೇರೆ ನೀರಿನ ಮೂಲ ಇಲ್ಲದಿದ್ದರೆ ಮಾತ್ರ 1.5ರವರೆಗೆ ಸಹಿಸಬಹುದು. ಆ ‘ಇಲ್ಲದಿದ್ದರೆ’ಯನ್ನು ಜಾಗ ಉಳಿಸಲೆಂದು ನಾನು ನುಂಗಿದ್ದೆ. ಅವರ ಅಂಗಳದಲ್ಲೇ ನಲ್ಲಿ ಇತ್ತು, ನಾನು ಕೇಳಿರಲಿಲ್ಲ.

1.42 ಎಂಬುದರ ಕಥೆ ಇನ್ನೂ ನಾಚಿಕೆಯದು. ನಾವು ಬಳಸುತ್ತಿದ್ದ ಸ್ಪ್ಯಾಡ್ನ್ಸ್ ವಿಧಾನದ ನಂಬಬಹುದಾದ ವ್ಯಾಪ್ತಿ 1.4ಕ್ಕೆ ಮುಗಿಯುತ್ತದೆ. ಮಾದರಿಗೆ ಶುದ್ಧ ನೀರು ಬೆರೆಸಿ ತೆಳುವಾಗಿಸಿ ಮತ್ತೆ ಅಳೆಯಬೇಕಿತ್ತು. ಅಳೆಯದೆ, ಗೆರೆ ದಾಟಿದ ಓದಿಗೆ ಎರಡು ದಶಮಾಂಶದ ಠೀವಿ ಕೊಟ್ಟಿದ್ದೆ. ನಿಜವಾದ ಬೆಲೆ 1.5ರ ಆಚೆಗೂ ಇದ್ದಿರಬಹುದು. ಮಾದರಿ ಹಿಂಗಾರು ಮಳೆ ಮುಗಿದ ಹೊತ್ತಿನದು ಎಂಬುದೂ ವರದಿಯಲ್ಲಿರಲಿಲ್ಲ.

ಷರಾ ಉದ್ದ ಬರೆಯತೊಡಗಿದಾಗ ಲ್ಯಾಬಿನಲ್ಲಿ ಆಕ್ಷೇಪ ಬಂತು: ಅಭಿಪ್ರಾಯ ಹೇಳುವುದು ನಮ್ಮ ಕೆಲಸವಲ್ಲ. ಮಾತಿನಲ್ಲಿ ಹುರುಳಿಲ್ಲದಿಲ್ಲ. ಲ್ಯಾಬುಗಳ ಮಾನದಂಡ ಐಎಸ್ಒ/ಐಇಸಿ 17025 ಪ್ರಕಾರ ಅಭಿಪ್ರಾಯ ಬರೆಯಲು ಅಧಿಕಾರ ಪಡೆದವರೇ ಬೇಕು. ಆದರೆ ‘ಮಿತಿಯೊಳಗಿದೆ’ ಎನ್ನುವುದೂ ತೀರ್ಪೇ. ಅಳತೆಯ ಅನಿಶ್ಚಿತತೆಯನ್ನು ಹೇಗೆ ಲೆಕ್ಕಕ್ಕೆ ಹಿಡಿದಿರಿ ಎಂಬ ನಿರ್ಧಾರ ನಿಯಮ ಇರಬೇಕೆಂದು 2017ರ ಆವೃತ್ತಿಯೇ ಕೇಳುತ್ತದೆ. ಹೀಗೆ ವಾದಿಸಿ ನಾಲ್ಕು ಸಾಲಿನ ಜಾಗ ಗಿಟ್ಟಿಸಿಕೊಂಡೆ, ಅದೂ ಹಿರಿಯರ ಸಹಿಯೊಂದಿಗೆ.

ಎರಡನೆಯ ವರದಿಗೆ ತಮಿಳಿನಲ್ಲಿ ಒಂದು ಹಾಳೆ ಲಗತ್ತಿಸಿದೆ. ಈ ನೀರು ಕುಡಿಯಲು, ಅಡುಗೆಗೆ ಬೇಡ. ಹಲ್ಲು ರೂಪುಗೊಳ್ಳುವ ವಯಸ್ಸಿನ ಮಕ್ಕಳಿಗಂತೂ ಬೇಡವೇ ಬೇಡ. ಸ್ನಾನಕ್ಕೆ, ಬಟ್ಟೆಗೆ ಬಳಸಬಹುದು. ನಲ್ಲಿ ನೀರನ್ನು ಸ್ವಲ್ಪ ಹೊತ್ತು ತೆರೆದಿಟ್ಟರೆ ಬ್ಲೀಚಿಂಗ್ ವಾಸನೆ ಇಳಿಯುತ್ತದೆ. ಅವರು ನಿಧಾನವಾಗಿ ಓದಿ ಮುಗಿಸಿ, “ಕುದಿಸಿದ್ರೆ ಹೋಗಲ್ವಾ?” ಎಂದರು. ಹಾಳೆ ವಾಪಸು ಇಸಕೊಂಡು ಇನ್ನೊಂದು ಸಾಲು ಸೇರಿಸಿದೆ: ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಆಗುವುದಿಲ್ಲ, ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.